ಡೇರೆಯನ್ನು ಮಕ್ಕಳೇ ಹಾಕಲಿ

ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ನಮ್ಮಲ್ಲಿ ಬಹಳಷ್ಟು ಮಕ್ಕಳ ಸ್ಕೌಟ್ ಜೀವನವೂ ಮುಗಿದುಹೋಗುತ್ತದೆ. ಸ್ಕಾರ್ಫು ಬೀರುವಿನ ತಳ ಸೇರುತ್ತದೆ. ಬೆಲ್ಟನ್ನು ತಮ್ಮನೋ ಪಕ್ಕದ ಮನೆಯ ಹುಡುಗನೋ ಕೇಳಿ ಇಸಿದುಕೊಳ್ಳುತ್ತಾನೆ. ಪಿಯುಸಿ, ಸಿಇಟಿ, ಕೋಚಿಂಗ್ ಎಂದು ಓಟ ಶುರುವಾದ ಮೇಲೆ ಕ್ಲೋವ್ ಹಿಚ್ ಗಂಟು ಹೇಗೆ ಹಾಕುವುದೆಂದು ನೆನಪಿಟ್ಟುಕೊಳ್ಳುವವರು ಯಾರು?

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಮಾತ್ರ ಇವರಿಗೆ ಬಾಗಿಲು ಮುಚ್ಚುವುದಿಲ್ಲ. ಕಾಲೇಜು ವಯಸ್ಸಿನ ಹುಡುಗರಿಗೆ ರೋವರ್, ಹುಡುಗಿಯರಿಗೆ ರೇಂಜರ್ ಎಂಬ ವಿಭಾಗಗಳಿವೆ. 25ರ ವಯಸ್ಸಿನವರೆಗೂ ಅಲ್ಲಿರಬಹುದು. ಸ್ಕೌಟ್‌ಗಳ ಧ್ಯೇಯ ‘ಸಿದ್ಧವಾಗಿರು’ ಎಂದಾದರೆ ರೋವರ್‌ಗಳದ್ದು ಒಂದೇ ಮಾತು: ಸೇವೆ. ಸೇವೆ ಎಂದರೆ ಜಾತ್ರೆಯಲ್ಲಿ ನೀರು ಕೊಡುವುದು, ರಕ್ತದಾನ ಶಿಬಿರದಲ್ಲಿ ಸಾಲು ಸರಿಮಾಡುವುದು ಎಂದೇ ಹಲವರ ಲೆಕ್ಕ. ಅವೂ ಬೇಕು. ಆದರೆ ಹಳೆಯ ಸ್ಕೌಟ್ ಒಬ್ಬ ತನ್ನನ್ನು ಬೆಳೆಸಿದ ದಳಕ್ಕೆ ಮಾಡಬಹುದಾದ ಇನ್ನೂ ನೇರವಾದ ಉಪಕಾರವೊಂದಿದೆ. ತಾನು ಎಂಟನೇ ಕ್ಲಾಸಿನಲ್ಲಿ ಹೋಗಿಬಂದಂಥ ಶಿಬಿರವನ್ನು ಈಗಿನ ಎಂಟನೇ ಕ್ಲಾಸಿನವರಿಗೆ ನಡೆಸಿಕೊಡುವುದು. ಜಾಗ, ದುಡ್ಡು, ದಿನಸಿ ಎಲ್ಲ ಹೇಗೋ ಹೊಂದಿಕೊಳ್ಳುತ್ತವೆ. ಎಲ್ಲಕ್ಕಿಂತ ಕಷ್ಟವೆಂದರೆ ಮಕ್ಕಳು ತಡವರಿಸುತ್ತಾ ಕೆಲಸ ಮಾಡುವಾಗ ಕೈಕಟ್ಟಿ ನಿಲ್ಲುವುದು.

ಸ್ಕೌಟ್ ಶಿಬಿರಗಳಿಗೆಲ್ಲ ಮೂಲವಾದದ್ದು 1907ರ ಆಗಸ್ಟ್ ತಿಂಗಳ ಒಂದು ಶಿಬಿರ. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಬಂದರಿನೊಳಗಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದರು. ಅವರಲ್ಲಿ ಅರ್ಧದಷ್ಟು ಜನ ಈಟನ್, ಹ್ಯಾರೋದಂಥ ಸಿರಿವಂತರ ಶಾಲೆಗಳವರು. ಉಳಿದವರು ಬೋರ್ನ್‌ಮತ್, ಪೂಲ್ ಪಟ್ಟಣಗಳ ಸಾಮಾನ್ಯ ಮನೆಗಳ ಮಕ್ಕಳು. ಶುಲ್ಕವೂ ಎಲ್ಲರಿಗೂ ಒಂದೇ ಇರಲಿಲ್ಲ. ಸಿರಿವಂತರ ಮಕ್ಕಳಿಗೆ ಒಂದು ಪೌಂಡ್, ಮಿಕ್ಕವರಿಗೆ ಮೂರೂವರೆ ಶಿಲ್ಲಿಂಗ್. ಆಗ ಪೌಂಡಿಗೆ 20 ಶಿಲ್ಲಿಂಗ್ ಇತ್ತು ಎಂಬುದನ್ನು ನೆನೆದರೆ ಈ ಅಂತರ ಎಷ್ಟೆಂದು ತಿಳಿಯುತ್ತದೆ. ಕೊನೆಗೆ ಲೆಕ್ಕ ಹಾಕಿದಾಗ ಖೋತಾ ಬಿದ್ದಿತ್ತು; ಮಕ್ಕಳನ್ನು ಕಳಿಸಿದ್ದ ಸ್ಥಿತಿವಂತ ತಂದೆಯೊಬ್ಬರು ಅದನ್ನು ತುಂಬಿಕೊಟ್ಟರು. ಶಿಬಿರ ಎಂದಮೇಲೆ ಖೋತಾ ಬೀಳುವುದು ಅಂದಿನಿಂದಲೇ ನಡೆದುಬಂದ ಸಂಪ್ರದಾಯವಿರಬೇಕು.

ಬೇಡನ್ ಪೊವೆಲ್ ಅಲ್ಲಿ ಮಾಡಿದ ಮುಖ್ಯ ಕೆಲಸ ಇನ್ನೊಂದು. ಹುಡುಗರನ್ನು ತೋಳ, ಗೂಳಿ ಮುಂತಾದ ಹೆಸರಿನ ನಾಲ್ಕು ತಂಡ ಮಾಡಿ, ಒಂದೊಂದಕ್ಕೂ ಅವರಲ್ಲೇ ದೊಡ್ಡವನೊಬ್ಬನನ್ನು ಮುಂದಾಳು ಮಾಡಿ, ತಂಡದ ಒಳಗಿನ ಆಗುಹೋಗುಗಳನ್ನೆಲ್ಲ ಅವನಿಗೇ ಒಪ್ಪಿಸಿಬಿಟ್ಟರು. ಇವತ್ತಿಗೂ ಸ್ಕೌಟಿಂಗಿನ ಬೆನ್ನೆಲುಬು ಈ ಪೆಟ್ರೋಲ್ ಪದ್ಧತಿಯೇ. ಆರರಿಂದ ಎಂಟು ಮಕ್ಕಳಿಗೆ ಒಂದು ಪೆಟ್ರೋಲ್, ಅದಕ್ಕೊಬ್ಬ ಲೀಡರ್. ನಮ್ಮಲ್ಲಿ ಸ್ಕೌಟ್ ಪೆಟ್ರೋಲ್‌ಗಳಿಗೆ ಪ್ರಾಣಿ, ಪಕ್ಷಿಗಳ ಹೆಸರು, ಹುಡುಗಿಯರ ಗೈಡ್ ಪೆಟ್ರೋಲ್‌ಗಳಿಗೆ ಹೂವಿನ ಹೆಸರು. ಶಿಬಿರ ನಡೆಸಲು ಬಂದ ಅಣ್ಣ ಅಕ್ಕಂದಿರು ಹದಿಮೂರು ಹದಿನಾಲ್ಕು ವರ್ಷದ ಈ ಲೀಡರ್‌ಗಳ ಮೂಲಕವೇ ಮಾತಾಡಬೇಕು. ನೇರವಾಗಿ ಮಕ್ಕಳಿಗೆ ಹುಕುಂ ಕೊಟ್ಟರೆ ಆ ಲೀಡರ್ ಇದ್ದೂ ಇಲ್ಲದಂತಾಗುತ್ತಾನೆ.

ಭಾರತಕ್ಕೆ ಸ್ಕೌಟಿಂಗ್ ಬಂದಿಳಿದದ್ದೇ ಕನ್ನಡನಾಡಿನಲ್ಲಿ. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ದೇಶದ ಮೊದಲ ದಳ ಕಟ್ಟಿದರು. ಆದರೆ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರದ್ದು; ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ಗೋಡೆ ಒಡೆಯಲು ಆನಿ ಬೆಸೆಂಟ್ 1916ರಲ್ಲಿ ಮದ್ರಾಸಿನಲ್ಲಿ ಬೇರೆಯದೇ ಸಂಘ ಕಟ್ಟಬೇಕಾಯಿತು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಸೇವಾ ಸಮಿತಿಯ ಹೆಸರಿನಲ್ಲಿ ಇದೇ ಕೆಲಸ ಮಾಡಿದರು. ಬೇರೆಬೇರೆಯಾಗಿದ್ದ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಅವರದೇ ಹೆಸರಿದೆ. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ ಕೆರೆಯ ಮಗ್ಗುಲಲ್ಲಿ ಇನ್ನೊಂದು ಶಿಬಿರತಾಣವಿದೆ. ರಾಜ್ಯದಲ್ಲಿ ಸ್ಕೌಟ್ ಚಳವಳಿ ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರದು. ದೂರ ಹೋಗಲಾಗದ ದಳಕ್ಕೆ ಶಾಲೆಯ ಮೈದಾನ, ಹಿಂಭಾಗದ ಮಾವಿನ ತೋಪು ಆದರೂ ನಡೆಯುತ್ತದೆ.

ಜಾಗ ಎಲ್ಲೇ ಇರಲಿ, ನೋಡಬೇಕಾದದ್ದು ಮೂರು: ನೀರು, ನೆರಳು, ಶೌಚಾಲಯ. ಇದರಲ್ಲಿ ತಪ್ಪಿದರೆ ಎಂಥ ದೊಡ್ಡವರ ಶಿಬಿರವೂ ಕೆಡುತ್ತದೆ ಎಂಬುದಕ್ಕೆ 2023ರ ವಿಶ್ವ ಜಾಂಬೂರಿ, ಅಂದರೆ ಜಗತ್ತಿನ ಸ್ಕೌಟ್‌ಗಳೆಲ್ಲ ಸೇರುವ ಶಿಬಿರ, ಸಾಕ್ಷಿ. ದಕ್ಷಿಣ ಕೊರಿಯಾದ ಸೇಮಾಂಗಮ್‌ನಲ್ಲಿ, ಸಮುದ್ರವನ್ನು ಹಿಂದೆ ತಳ್ಳಿ ಪಡೆದ ಬಟ್ಟಬಯಲಿನಲ್ಲಿ, ಸುಮಾರು 43 ಸಾವಿರ ಜನ ಡೇರೆ ಹಾಕಿದ್ದರು. ಮರದ ನೆರಳೆಂಬುದು ಇಲ್ಲವೇ ಇಲ್ಲ. ಆಗಸ್ಟಿನ ಝಳಕ್ಕೆ ನೂರಾರು ಮಂದಿ ಬಸವಳಿದು ಚಿಕಿತ್ಸೆಗೆ ಹೋದರು. ಶೌಚಾಲಯಗಳ ಕೊಳಕಿನ ಬಗ್ಗೆ ದೂರುಗಳು ಬಂದವು. ಬ್ರಿಟನ್, ಅಮೆರಿಕ, ಸಿಂಗಪುರದ ತಂಡಗಳು ನಡುವೆಯೇ ಗಂಟುಮೂಟೆ ಕಟ್ಟಿದವು. ಕೊನೆಗೆ ಚಂಡಮಾರುತ ಬರುತ್ತಿದೆಯೆಂದು ಉಳಿದವರನ್ನೂ ಬಸ್ಸು ಹತ್ತಿಸಿ ಕಳಿಸಬೇಕಾಯಿತು. ಹಣಕ್ಕಾಗಲಿ ಕಾಲಾವಕಾಶಕ್ಕಾಗಲಿ ಅಲ್ಲಿ ಕೊರತೆಯಿರಲಿಲ್ಲ. ನೀರು, ನೆರಳು, ಶೌಚಾಲಯದಲ್ಲಿ ತಪ್ಪಿದರೆ ಮೂವತ್ತು ಮಕ್ಕಳ ಶಿಬಿರವೂ ಹೀಗೇ ಕೆಡುತ್ತದೆ.

ಹಾಗಾಗಿ ಅನುಭವಸ್ಥ ರೋವರ್‌ಗಳು ಜಾಗ ನೋಡಲು ತಂಪು ಹೊತ್ತಿನಲ್ಲಿ ಹೋಗುವುದಿಲ್ಲ. ನಡುಮಧ್ಯಾಹ್ನ ಹೋಗಿ ನೆರಳು ಎಲ್ಲಿ ಬೀಳುತ್ತದೆಂದು ನೋಡುತ್ತಾರೆ. ಒಣಕೊಂಬೆ ಇರುವ ಮರದಡಿ ಡೇರೆ ಬೇಡ. ಹುತ್ತದ ಹತ್ತಿರ ಬೇಡವೇ ಬೇಡ. ಬೋರ್‌ವೆಲ್ ಇದೆ ಎಂದರೆ ಸಾಲದು, ಕರೆಂಟು ಹೋದರೆ ಟ್ಯಾಂಕಿನಲ್ಲಿ ಎಷ್ಟು ನೀರಿರುತ್ತದೆಂದು ಕೇಳಬೇಕು. ಹುಡುಗಿಯರ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ, ರಾತ್ರಿ ದಾರಿಯಲ್ಲಿ ದೀಪವಿದೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, 108ಕ್ಕೆ ಕರೆ ಮಾಡಲು ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ಇವನ್ನೆಲ್ಲ ಬರೆದಿಟ್ಟುಕೊಂಡ ಮೇಲೆಯೇ ತಾರೀಖು ಗೊತ್ತುಮಾಡಬೇಕು.

ಮನೆಯವರಿಂದ ಬರೆಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಹಲವು ಕಡೆ ಬರೀ ಸಹಿಗಾಗಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಉಬ್ಬಸ, ಫಿಟ್ಸ್, ಒಗ್ಗದ ಆಹಾರ, ನುಂಗುವ ಮಾತ್ರೆ ಎಲ್ಲಕ್ಕೂ ಜಾಗವಿರಬೇಕು. ಕೆಲವು ಸಂಗತಿಗಳು ಕಾಗದದಲ್ಲಿ ಬರುವುದಿಲ್ಲ. ಬಸ್ಸು ಹೊರಡುವ ಮುಂಚೆ ತಾಯಿಯೊಬ್ಬರು ಪಕ್ಕಕ್ಕೆ ಕರೆದು, ಮಗ ಈಗಲೂ ಒಮ್ಮೊಮ್ಮೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ ಎಂದು ಪಿಸುಗುಡುವುದುಂಟು. ಅಂಥ ಮಗುವನ್ನು ರಾತ್ರಿ ಒಮ್ಮೆ ಸದ್ದಿಲ್ಲದೆ ಎಬ್ಬಿಸಿ ಹೊರಗೆ ಕಳಿಸಿ, ಮರುದಿನ ಯಾರಿಗೂ ಗೊತ್ತಾಗದಂತೆ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಸೇವೆ ಆ ಶಿಬಿರದಲ್ಲಿ ಇನ್ನೊಂದಿರದು. ಹಾಗೆಂದು ಯಾವ ಹಿರಿಯನೂ ಯಾವ ಮಗುವಿನ ಜೊತೆಗೂ ಒಬ್ಬಂಟಿಯಾಗಿ ಇರಕೂಡದು. ಎಬ್ಬಿಸುವುದಾದರೂ ಇಬ್ಬರು ಹೋಗಬೇಕು. ಹಿರಿಯರ ಡೇರೆ, ಮಲಗುವ ಜಾಗ ಮಕ್ಕಳದ್ದಕ್ಕಿಂತ ಬೇರೆಯಿರಬೇಕು, ಗೈಡ್‌ಗಳಿದ್ದರೆ ಮಹಿಳಾ ನಾಯಕಿಯರು ಇರಲೇಬೇಕು. ಈ ವಿಷಯದಲ್ಲಿ ‘ನಮ್ಮ ಹುಡುಗರೇ ಅಲ್ವಾ’ ಎಂಬ ಸಲಿಗೆ ನಡೆಯದು.

ಇನ್ನು ಶಿಬಿರದ ನಡುವೆ. ಪ್ರತಿ ಪೆಟ್ರೋಲೂ ತನ್ನ ತಟ್ಟೆ ಲೋಟ ಇಡಲು ಬಿದಿರಿನ ಸ್ಟ್ಯಾಂಡು ಕಟ್ಟಿಕೊಳ್ಳಬೇಕು. ನಿಲುವು ಗಳ ಒಂದು, ಅಡ್ಡ ಗಳ ಒಂದು, ಎರಡನ್ನೂ ಚೌಕಟ್ಟಾಗಿ ಬಿಗಿಯಲು ಒಂದು ಹಗ್ಗ. ಮೊದಲು ನಿಲುವು ಗಳಕ್ಕೆ, ಅಡ್ಡ ಗಳ ಕೂರುವ ಜಾಗದ ಕೆಳಗೆ, ಕ್ಲೋವ್ ಹಿಚ್. ಆಮೇಲೆ ಎರಡೂ ಗಳಗಳನ್ನು ಬಳಸಿ ಮೂರು ಸುತ್ತು. ನಂತರ ಗಳಗಳ ನಡುವೆ ಹಾಯಿಸಿ, ಮೊದಲ ಸುತ್ತುಗಳ ಕೊರಳು ಹಿಸುಕುವಂತೆ ಎರಡು ಬಿಗಿ ಸುತ್ತು. ಕೊನೆಗೆ ಅಡ್ಡ ಗಳದ ಮೇಲೆ ಇನ್ನೊಂದು ಕ್ಲೋವ್ ಹಿಚ್. ಪುಸ್ತಕದಲ್ಲಿ ನೋಡಿದರೆ ನಾಲ್ಕು ಚಿತ್ರ. ಎಂಟನೇ ಕ್ಲಾಸಿನ ಕೈಯಲ್ಲಿ ಅದು ಮುಕ್ಕಾಲು ಗಂಟೆಯ ಕೆಲಸ. ಹಗ್ಗ ಸಡಿಲ, ಗಳ ಓರೆ, ಮೊದಲ ತಟ್ಟೆ ಇಟ್ಟಕೂಡಲೇ ಅಡ್ಡ ಗಳ ಜಾರಿ ಲೋಟಗಳೆಲ್ಲ ಠಣಠಣ ನೆಲಕ್ಕೆ.

ಪಕ್ಕದಲ್ಲಿ ನಿಂತ ರೋವರ್‌ಗೆ ಕೈ ತುರಿಸುತ್ತದೆ. ಅವನು ಕುಳಿತರೆ ಐದು ನಿಮಿಷದಲ್ಲಿ ಮುಗಿಸುತ್ತಾನೆ. ಕೂರಬಾರದು. ಹೆಚ್ಚೆಂದರೆ ಒಂದು ಪ್ರಶ್ನೆ: “ಮೊದಲನೇ ಗಂಟು ಯಾವ ಗಳಕ್ಕೆ ಹಾಕಿದ್ಯೋ?”

“ಅಡ್ಡದಕ್ಕೆ ಅಣ್ಣಾ.”

ಅಷ್ಟು ಹೇಳುವಾಗಲೇ ಹುಡುಗನ ಮುಖದಲ್ಲಿ ತಪ್ಪು ಹೊಳೆದಿರುತ್ತದೆ. ಹಗ್ಗ ಬಿಚ್ಚಿ ಮತ್ತೆ ಶುರು. ಮಾರನೇ ಬೆಳಗಿನ ಪರಿವೀಕ್ಷಣೆಗೆ ಸ್ಟ್ಯಾಂಡು ನಿಂತಿದ್ದರೆ ಆ ಪೆಟ್ರೋಲ್ ಬೀಗುವುದನ್ನು ನೋಡಬೇಕು.

ಅಡುಗೆಯಲ್ಲೂ ಇದೇ ನಿಯಮ. ದಿನಸಿ ಅಳೆದು ಪೆಟ್ರೋಲಿಗೆ ಕೊಟ್ಟಮೇಲೆ ಒಲೆ ಅವರದು. ಅನ್ನ ತಳ ಹಿಡಿಯುತ್ತದೆ, ಬೇಳೆ ಬೇಯುವುದಿಲ್ಲ, ಹೊಗೆಗೆ ಕಣ್ಣೀರು. ಅದಕ್ಕೆಂದೇ ಜಾಣ ಹಿರಿಯರು ಒಂದು ಡಬ್ಬಿ ಅವಲಕ್ಕಿ, ಒಂದಿಷ್ಟು ಬೆಲ್ಲ ಗುಟ್ಟಾಗಿ ತೆಗೆದಿಟ್ಟಿರುತ್ತಾರೆ. ಪಾತ್ರೆಯಿಲ್ಲದ ಅಡುಗೆಯ ದಿನ ಆಲೂಗಡ್ಡೆಗೆ ಕೆಸರು ಮೆತ್ತಿ ಕೆಂಡದಲ್ಲಿ ಹೂತು ತಿಂದ ಮಗು ಮನೆಯಲ್ಲಿ ಒಂದು ತಿಂಗಳು ಅದನ್ನೇ ಹೇಳುತ್ತಿರುತ್ತದೆ. ಆದರೆ ಬೆಂಕಿಯ ಹತ್ತಿರ ಒಬ್ಬ ಹಿರಿಯ, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಸದಾ ಇರಬೇಕು. ಕೈಕಟ್ಟಿ ನಿಲ್ಲುವುದೆಂದರೆ ಕಣ್ಣು ಮುಚ್ಚಿ ನಿಲ್ಲುವುದಲ್ಲವಲ್ಲ.

ನಮ್ಮ ಶಿಬಿರಗಳನ್ನು ಕಾಡುವ ರೋಗವೊಂದನ್ನು ಇಲ್ಲಿ ಹೇಳಲೇಬೇಕು. ಅದು ಸಭಾ ಕಾರ್ಯಕ್ರಮ. ಉದ್ಘಾಟನೆಗೆ ಗಣ್ಯರು, ವೇದಿಕೆಯಲ್ಲಿ ಹತ್ತು ಕುರ್ಚಿ, ಹಾರ, ಶಾಲು, ಒಬ್ಬೊಬ್ಬರದೂ ಶಿಸ್ತಿನ ಮೇಲೆ ಉಪನ್ಯಾಸ. ಎದುರಿಗೆ ಬಿಸಿಲಿನಲ್ಲಿ ಸಾಲಾಗಿ ಕುಳಿತ ಮಕ್ಕಳು. ಸಮಾರೋಪದಲ್ಲಿ ಮತ್ತೆ ಅದೇ. ಮೂರು ದಿನದ ಶಿಬಿರದಲ್ಲಿ ಅರ್ಧ ದಿನವನ್ನು ಇದು ನುಂಗಿಹಾಕುತ್ತದೆ. ಕರೆಯಲೇಬೇಕಾದ ಅತಿಥಿಗಳಿದ್ದರೆ ಶಿಬಿರಾಗ್ನಿಗೆ ಕರೆಯಬಹುದು. ಮಕ್ಕಳ ಹಾಡು, ಕಿರುನಾಟಕ ನೋಡಿ, ಅವರು ಮಾಡಿದ ಚಿತ್ರಾನ್ನ ಉಂಡು ಹೋಗಲಿ. ಶಿಬಿರಾಗ್ನಿಗೂ ಮೊದಲು ಒಂದು ಸಣ್ಣ ಸಭೆ ಮಾತ್ರ ತಪ್ಪಬಾರದು. ಎಲ್ಲ ಪೆಟ್ರೋಲ್ ಲೀಡರ್‌ಗಳು ಹಿರಿಯರ ಜೊತೆ ಕೂತು ಇವತ್ತು ಏನು ಕೆಟ್ಟಿತು, ನಾಳೆ ಏನು ಬದಲಾಗಬೇಕು ಎಂದು ಹೇಳುವ ಸಭೆ. ಅಲ್ಲಿ ಕೇಳಿದ್ದನ್ನು ಮರುದಿನ ಜಾರಿಗೆ ತಂದರೆ ಮಾತ್ರ ಅದಕ್ಕೆ ಅರ್ಥ.

ದುಡ್ಡಿನ ಮಾತು. ಬ್ರೌನ್‌ಸೀಯಂತೆ ಎರಡು ದರದ ಶುಲ್ಕವನ್ನು ನಮ್ಮಲ್ಲಿ ಬಹಿರಂಗವಾಗಿ ಇಟ್ಟರೆ ಬಡ ಮಗುವಿಗೆ ಮುಜುಗರ. ಎಲ್ಲರಿಗೂ ಒಂದೇ ಶುಲ್ಕ ಹೇಳಿ, ಕಟ್ಟಲಾಗದವರ ಪಾಲನ್ನು ಹಳೆಯ ವಿದ್ಯಾರ್ಥಿಗಳು ಹೆಸರು ಹೇಳದೆ ತುಂಬುವುದು ವಾಸಿ. ಸಾಧ್ಯವಾದಷ್ಟನ್ನು ವಸ್ತುವಿನಲ್ಲೇ ಪಡೆಯಬಹುದು: ಒಬ್ಬರಿಂದ ಅಕ್ಕಿ, ಒಬ್ಬರಿಂದ ಟಾರ್ಪಾಲು, ಒಬ್ಬರ ತೋಟದಿಂದ ಬಿದಿರು. ಶಿಬಿರ ಮುಗಿದ ವಾರದೊಳಗೆ ಖರ್ಚಿನ ಲೆಕ್ಕವನ್ನು ಪೋಷಕರ ಮುಂದಿಟ್ಟರೆ ಮುಂದಿನ ವರ್ಷ ಕೇಳುವಾಗ ಬಾಯಿ ಬರುತ್ತದೆ.

ಇಷ್ಟೆಲ್ಲ ಓದಿ ಹಿಂಜರಿಯುವ ಅಗತ್ಯವಿಲ್ಲ. ಮೊದಲ ಸಲ ಎರಡು ಹಗಲು ಒಂದು ರಾತ್ರಿಯ ಶಿಬಿರ ಸಾಕು, ಒಂದು ದಳದ ಮಕ್ಕಳು ಸಾಕು, ಗಂಟು ಮರೆತಿರದ ನಾಲ್ಕೈದು ಹಳಬರು ಸಾಕು. 25 ದಾಟಿದವರಿಗೂ ಅವಕಾಶವಿದೆ. ಸಂಸ್ಥೆ ವಯಸ್ಕ ನಾಯಕರಿಗೆ ಬೇಸಿಕ್ ಕೋರ್ಸಿನಿಂದ ಹಿಮಾಲಯ ವುಡ್ ಬ್ಯಾಡ್ಜ್‌ವರೆಗೆ ತರಬೇತಿ ಕೊಡುತ್ತದೆ. ಒಂದು ಕಾಲದಲ್ಲಿ ಸ್ಕಾರ್ಫು ಕಟ್ಟಿದ್ದವರು ನೀವಾದರೆ, ಓದಿದ ಶಾಲೆಯ ಸ್ಕೌಟ್ ಮಾಸ್ಟರ್‌ಗೋ ಗೈಡ್ ಕ್ಯಾಪ್ಟನ್‌ಗೋ ಈ ವಾರವೇ ಒಂದು ಫೋನ್ ಮಾಡಿ, ಮುಂದಿನ ರಜೆಯ ಎರಡು ದಿನ ನಿಮಗೆ ಬಿಡುವಿದೆ ಎಂದು ಹೇಳಿ.