ಸಂಭೂಯಸಮುತ್ಥಾನವೂ ತುಂಗಭದ್ರೆಯ ವಿದ್ಯುಚ್ಛಕ್ತಿಯೂ

೧

ಕೊಪ್ಪಳಕ್ಕೂ ಗದಗಿಗೂ ನಡುವಣ ರೈಲುದಾರಿಯಲ್ಲಿ ತಳಕಲ್ ಎಂಬ ಗ್ರಾಮವುಂಟು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಈ ಗ್ರಾಮದ ಸುತ್ತಣ ನೆಲವು ಮಳೆಯನ್ನೇ ನಂಬಿದ ಎರೆಯ ಬಯಲು. ಸಮೀಪದ ಇಟಗಿಯಲ್ಲಿ ಕ್ರಿ. ಶ. ೧೧೧೨ರಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ದೇವಾಲಯವು ವಿದ್ವಾಂಸರಿಗೆ ಸುಪರಿಚಿತವಾದುದು. ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿ ಕಲ್ಯಾಣಪುರದಲ್ಲಿದ್ದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಚಾರದಲ್ಲಿ ಆ ಗ್ರಂಥದ ಪ್ರಾಮಾಣ್ಯವು ಲೋಕಪ್ರಸಿದ್ಧವಾಗಿದೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಬರುವ ಸಂಭೂಯಸಮುತ್ಥಾನ ಪ್ರಕರಣವು ಅಷ್ಟಾಗಿ ಯಾರ ಗಮನವನ್ನೂ ಸೆಳೆದಿಲ್ಲ. ಹಲವರು ಕೂಡಿ ಒಂದು ಕಾರ್ಯಕ್ಕೆ ಎದ್ದು ನಿಲ್ಲುವುದೇ ಸಂಭೂಯಸಮುತ್ಥಾನವು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಇದು ನಾಲ್ಕನೆಯದು.

ಈ ಕಾಲದಲ್ಲಿ ಪ್ರಾಂತಪ್ರಾಂತಗಳು ಶಕ್ತಿಯ ಉತ್ಪಾದನೆಯಲ್ಲಿಯೂ ವಿತರಣೆಯಲ್ಲಿಯೂ ಪರಸ್ಪರ ಸಹಕರಿಸಿದರೆ ಸಂಪತ್ತೂ ಭದ್ರತೆಯೂ ವೃದ್ಧಿಯಾಗುವುವೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಿರುವರಷ್ಟೆ. ಈ ಮಾತಿನ ನಿಜಾನಿಜಗಳನ್ನು ಒರೆಗೆ ಹಚ್ಚಲು ತಳಕಲ್ಲಿನಿಂದ ಬಹುದೂರ ಹೋಗಬೇಕಾದುದಿಲ್ಲ; ಅದೇ ರೈಲುದಾರಿಯಲ್ಲಿ ಪೂರ್ವಕ್ಕೆ ಸಾಗಿದರೆ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟು ಕಾಣಸಿಗುವುದು. ಶಾಸ್ತ್ರವು ಹೇಳಿದ ಪಾಲುಗಾರಿಕೆಯ ಲಕ್ಷಣಗಳು ಅಲ್ಲಿ ಎಷ್ಟರಮಟ್ಟಿಗೆ ಅನ್ವಯಿಸುವುವೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

೨

ಮೊದಲು ಶಾಸ್ತ್ರದ ಮಾತು. ಲಾಭಕ್ಕಾಗಿ ಒಟ್ಟುಗೂಡಿ ಕೆಲಸಮಾಡುವ ವರ್ತಕರಲ್ಲಿ ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕೆ ತಕ್ಕಂತೆಯಾಗಲಿ, ಅವರು ಮಾಡಿಕೊಂಡ ಸಂವಿತ್ತಿಗೆ ತಕ್ಕಂತೆಯಾಗಲಿ ಹಂಚಿಕೆಯಾಗತಕ್ಕುವೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಸಂವಿತ್ತೆಂದರೆ ಒಡಂಬಡಿಕೆ. ಕೂಟದವರು ನಿಷೇಧಿಸಿದುದನ್ನು ಮಾಡಿ, ಅವರ ಸಮ್ಮತಿಯಿಲ್ಲದೆ ನಡೆದು, ಇಲ್ಲವೆ ಅಜಾಗರೂಕತೆಯಿಂದ ಕೆಡಿಸಿ ಯಾವನು ನಷ್ಟವುಂಟುಮಾಡುವನೋ ಅವನೇ ಆ ನಷ್ಟವನ್ನು ತುಂಬಿಕೊಡಬೇಕು. ವಿಪತ್ತಿನಲ್ಲಿ ಸೊತ್ತನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಸಲ್ಲಬೇಕು. ಈ ವಿಧಿಯು ಋತ್ವಿಜರಿಗೂ ಕೃಷಿಕರಿಗೂ ಕುಶಲಕರ್ಮಿಗಳಿಗೂ ಸಮಾನವೆಂದು ಸ್ಮೃತಿಯು ಪ್ರಕರಣವನ್ನು ಮುಗಿಸುತ್ತದೆ.

ಇದು ವ್ಯಕ್ತಿಗಳ ಪಾಲುಗಾರಿಕೆಯಾಯಿತು. ರಾಜ್ಯಗಳ ಪಾಲುಗಾರಿಕೆಯನ್ನು ಕೌಟಿಲ್ಯನು ಬೇರೆಯಾಗಿ ವಿಚಾರಿಸಿದ್ದಾನೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಓಲೆಗರಿಗಳಲ್ಲಿ ದೊರೆತು ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಕರ್ಮಸಂಧಿಯೆಂಬ ಒಂದು ಸಂಧಿಭೇದವಿದೆ. ಇಬ್ಬರು ರಾಜರು ಕೂಡಿ ದುರ್ಗ, ಸೇತುಬಂಧ, ಗಣಿ, ವಣಿಕ್ಪಥ ಮೊದಲಾದ ಕಾರ್ಯಗಳನ್ನು ಕೈಕೊಳ್ಳುವುದೇ ಇದರ ಸ್ವರೂಪ. ಹೊರಗಿನಿಂದ ನೀರನ್ನು ತರಬೇಕಾದ ಕಟ್ಟೆಗಿಂತ ತಾನೇ ನೀರು ಬಂದು ನಿಲ್ಲುವ ಕಟ್ಟೆಯು ಮೇಲು, ಅಂತಹವುಗಳಲ್ಲಿಯೂ ಬಿತ್ತನೆಯ ನೆಲವು ಹೆಚ್ಚಾಗಿರುವುದು ಮೇಲು ಎಂಬ ವಿವೇಚನೆಯೂ ಅಲ್ಲಿಯೇ ಬರುತ್ತದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಕೌಟಿಲ್ಯನ ದೃಷ್ಟಿಯಲ್ಲಿ ಸಂಧಿಯೆಂಬುದು ಇನ್ನೊಬ್ಬನನ್ನು ಮೀರಿಸುವ ಉಪಾಯ. ಒಳ್ಳೆಯ ಸ್ಥಳವು ಯಾರ ಪಾಲಿಗೆ ಬಂದಿತೋ ಅವನು ಗೆದ್ದನು. ಮಿತಾಕ್ಷರೆಯ ದೃಷ್ಟಿಯಲ್ಲಿಯಾದರೋ ಲಾಭಾಲಾಭಗಳೆರಡೂ ಕೂಟದವರಿಗೆಲ್ಲ ಸೇರಿದುವು. ಒಂದೇ ನದಿಯ ಎರಡು ದಡದವರು ಈ ಎರಡು ದೃಷ್ಟಿಗಳಲ್ಲಿ ಯಾವುದನ್ನು ಹಿಡಿದರೆಂಬುದೇ ತುಂಗಭದ್ರೆಯ ಚರಿತ್ರೆಯ ಸಾರವೆನ್ನಬಹುದು.

೩

ಶಿವಮೊಗ್ಗೆಯ ಬಳಿ ಕೂಡಲಿಯಲ್ಲಿ ಸಂಗಮಿಸಿ ಹೆಸರು ಪಡೆದ ಈ ನದಿಯು ವಿಜಯನಗರದ ಕಾಲದಲ್ಲಿಯೇ ಅಣೆಗಳಿಂದ ಕಟ್ಟಲ್ಪಟ್ಟು ಕಾಲುವೆಗಳಲ್ಲಿ ಹರಿದಿತ್ತು. ಆ ಕಾಲುವೆಗಳಲ್ಲಿ ಕೆಲವು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ದೊಡ್ಡ ಜಲಾಶಯದ ಯೋಚನೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ ಆರ್ಥರ್ ಕಾಟನ್ನನ ಕಾಲಕ್ಕೆ ಮೊದಲಾಯಿತು. ಬಳ್ಳಾರಿಯೂ ರಾಯಲಸೀಮೆಯೂ ಬರಗಾಲದಿಂದ ಪದೇಪದೇ ತತ್ತರಿಸುತ್ತಿದ್ದುದರಿಂದ ಯೋಜನೆಯ ಅವಶ್ಯಕತೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಡ್ಡಿಯಾಗಿದ್ದುದು ನದಿಯ ಒಡೆತನ. ಬಲದಡವು ಮದರಾಸು ಪ್ರಾಂತಕ್ಕೂ ಎಡದಡವು ಹೈದರಾಬಾದು ಸಂಸ್ಥಾನಕ್ಕೂ ಸೇರಿದ್ದುವು. ಮೇಲಣ ಹರಿವು ಮೈಸೂರಿನದು. ನೀರಿನ ಪಾಲಿನ ಚರ್ಚೆಯಲ್ಲಿಯೇ ದಶಕಗಳು ಸಂದುವು. ಕಡೆಗೆ ೧೯೪೪ರಲ್ಲಿ ಒಡಂಬಡಿಕೆಗಳಾಗಿ, ೧೯೪೫ರ ಫೆಬ್ರವರಿ ೨೮ರಂದು ಎರಡು ಪಾರ್ಶ್ವಗಳಲ್ಲಿಯೂ ಶಂಕುಸ್ಥಾಪನೆ ನಡೆಯಿತು. ಎಡಪಾರ್ಶ್ವದ ಕೆಲಸವನ್ನು ಹೈದರಾಬಾದೂ ಬಲಪಾರ್ಶ್ವದ ಕೆಲಸವನ್ನು ಮದರಾಸೂ ವಹಿಸಿಕೊಂಡುವು. ಮದರಾಸಿನ ಕಡೆಯ ಮುಖ್ಯ ಶಿಲ್ಪಿಗಳಾಗಿ ತಿರುಮಲೆ ಅಯ್ಯಂಗಾರ್ಯರ ಹೆಸರು ಇಂದಿಗೂ ಸ್ಮರಣೀಯವಾಗಿದೆ.

ಕಟ್ಟಡವು ಏಳುತ್ತಿದ್ದಂತೆಯೇ ಪಾಲುದಾರರ ಸ್ವರೂಪವು ಬದಲಾಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೩ರ ಜುಲೈ ೧ರಂದು ಕಾಲುವೆಗೆ ಮೊದಲು ನೀರು ಬಿಡಲಾಯಿತು. ಅದೇ ವರ್ಷದ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿ, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದುವು. ೧೯೫೬ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ರಾಯಚೂರು ಜಿಲ್ಲೆಯೊಡನೆ ಕನ್ನಡನಾಡಿಗೆ ಸೇರಿದುವು. ಒಪ್ಪಂದಕ್ಕೆ ಕೈಹಾಕಿದವರಲ್ಲಿ ಒಬ್ಬರೂ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಆದರೆ ಒಪ್ಪಂದವು ಉಳಿಯಿತು. ಕಾರಣವೇನೆಂದರೆ, ೧೯೫೩ರ ಆಂಧ್ರ ರಾಜ್ಯ ಶಾಸನದ ೬೬ನೆಯ ಪ್ರಕರಣವನ್ನು ಅನುಸರಿಸಿ ರಾಷ್ಟ್ರಪತಿಗಳ ಆಜ್ಞೆಯಿಂದ ತುಂಗಭದ್ರಾ ಮಂಡಳಿಯು ಏರ್ಪಟ್ಟಿತು. ಕೇಂದ್ರ ಸರ್ಕಾರವು ನೇಮಿಸಿದ ಅಧ್ಯಕ್ಷರೂ ರಾಜ್ಯಗಳ ಪ್ರತಿನಿಧಿಗಳೂ ಅದರಲ್ಲಿರುವರು. ೨೦೧೪ರಲ್ಲಿ ತೆಲಂಗಾಣವು ಪ್ರತ್ಯೇಕವಾದ ಬಳಿಕ ಅದಕ್ಕೂ ಸ್ಥಾನವು ದೊರೆತಿದೆ. ಕೂಟದಲ್ಲಿ ವ್ಯಕ್ತಿಗಳು ಬದಲಾದರೂ ಕೂಟವು ಅಳಿಯಬಾರದೆಂಬ ತತ್ತ್ವವು ಇಲ್ಲಿ ಸಿದ್ಧಿಸಿತು.

೪

ಇನ್ನು ವಿದ್ಯುತ್ತಿನ ವಿಚಾರ. ಬಲದಂಡೆಯಲ್ಲಿ ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರವೂ, ಅಲ್ಲಿಂದ ಹೊರಟ ಕಾಲುವೆಯ ಮೇಲೆ ಸುಮಾರು ೨೨ ಕಿಲೋಮೀಟರು ದೂರದಲ್ಲಿ ಹಂಪಿಯ ವಿದ್ಯುದಾಗಾರವೂ ಇವೆ. ಒಂದೊಂದರಲ್ಲಿಯೂ ೯ ಮೆಗಾವಾಟಿನ ನಾಲ್ಕು ಯಂತ್ರಗಳಿದ್ದು ಒಟ್ಟು ಸಾಮರ್ಥ್ಯವು ೭೨ ಮೆಗಾವಾಟ್. ಒಂದೇ ನೀರು ಎರಡು ಸಲ ಬಿದ್ದು ಎರಡು ಸಲ ಶಕ್ತಿಯನ್ನು ಕೊಟ್ಟು ಬಳಿಕ ಹೊಲಕ್ಕೆ ಹೋಗುವುದೆಂಬುದು ಗಮನಾರ್ಹ. ಇವುಗಳಲ್ಲಿ ಹುಟ್ಟಿದ ವಿದ್ಯುತ್ತು ೧೦೦ರಲ್ಲಿ ೮೦ ಪಾಲು ಆಂಧ್ರದ ಕಡೆಗೂ ೨೦ ಪಾಲು ಕರ್ನಾಟಕಕ್ಕೂ ಸಲ್ಲುವುದೆಂದು ನಿಯತವಾಗಿದೆ. ಎಡದಂಡೆಯ ಮುನಿರಾಬಾದಿನ ಆಗಾರವು ೨೮ ಮೆಗಾವಾಟಿನದು. ಅದು ಕರ್ನಾಟಕಕ್ಕೇ ಸೇರಿದುದು. ಬಲದಂಡೆಯ ಯಂತ್ರಗಳು ನಿಂತಿರುವುದು ಕನ್ನಡ ನೆಲದಲ್ಲಿ, ಅವುಗಳ ಫಲದ ಹೆಚ್ಚಿನ ಭಾಗವು ಹೋಗುವುದು ನೆರೆಯವರಿಗೆ. ನೆಲದ ಒಡೆತನದಿಂದ ನೋಡಿದರೆ ಇದು ವಿಪರೀತವೆಂದು ತೋರಬಹುದು. ಆದರೆ ಇಲ್ಲಿ ಪ್ರಮಾಣವಾದುದು ನೆಲವಲ್ಲ, ಸಂವಿತ್ತು. ಯಾಜ್ಞವಲ್ಕ್ಯನು ಹೇಳಿದ ಎರಡನೆಯ ಪಕ್ಷವಿದು.

ಇಂದಿನ ಲೆಕ್ಕದಲ್ಲಿ ೧೦೦ ಮೆಗಾವಾಟ್ ಅಲ್ಪವೇ. ರಾಯಚೂರಿನ ಬಳಿ ಶಕ್ತಿನಗರದಲ್ಲಿ ೧೯೮೫ರಿಂದ ಕೆಲಸಮಾಡುತ್ತಿರುವ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯವು ೧,೭೨೦ ಮೆಗಾವಾಟಿಗೆ ಬೆಳೆದಿದೆ. ಆದರೆ ಅಲ್ಲಿಯೂ ಸಹಕಾರವಿಲ್ಲದೆ ಉರಿಯಿಲ್ಲ: ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲವಾದುದರಿಂದ ತೆಲಂಗಾಣದ ಸಿಂಗರೇಣಿ ಮೊದಲಾದ ಹೊರನಾಡಿನ ಗಣಿಗಳ ಇದ್ದಲೇ ಗತಿ. ಹೀಗೆ ಬಂದ ವಿದ್ಯುತ್ತಿನಿಂದ ಗಂಗಾವತಿಯ ಅಕ್ಕಿಯ ಗಿರಣಿಗಳೂ ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಗಳೂ ನಡೆಯುತ್ತಿವೆ. ಇದೇ ಸಂಬಂಧದ ಹಳೆಯ ನಿದರ್ಶನವು ೧೯೦೨ರದು. ಆಗ ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಆಮೇಲೆ, ೧೯೦೫ರಲ್ಲಿ. ಕೊಳ್ಳುವವನು ದೂರದಲ್ಲಿದ್ದರೂ ನಿಶ್ಚಿತನಾಗಿದ್ದುದರಿಂದಲೇ ಉತ್ಪಾದನೆಗೆ ಹಣಹೂಡುವ ಧೈರ್ಯವುಂಟಾಯಿತು.

೫

ಸಹಕಾರವು ಸಂಪತ್ತಿಗೆ ಮಾತ್ರವಲ್ಲದೆ ಭದ್ರತೆಗೂ ಹೇಗೆ ಕಾರಣವೆಂಬುದನ್ನು ತಿಳಿಯಲು ವಿದ್ಯುತ್ತಿನ ಸ್ವಭಾವವನ್ನು ತಿಳಿಯಬೇಕು. ಜೋಳವನ್ನು ಹಗೇವಿನಲ್ಲಿ ತುಂಬಿಡಬಹುದು. ವಿದ್ಯುತ್ತನ್ನಾದರೋ ಅಲ್ಪಾಂಶವನ್ನು ಬಿಟ್ಟರೆ ಕೂಡಿಡಲಾಗದು. ಹುಟ್ಟಿದ ಕ್ಷಣದಲ್ಲಿಯೇ ಅದು ವಿನಿಯೋಗವಾಗಬೇಕು. ಉತ್ಪತ್ತಿಯೂ ವಿನಿಯೋಗವೂ ಸಮವಾಗಿದ್ದರೆ ಪ್ರವಾಹದ ಸ್ಪಂದವು ಕ್ಷಣಕ್ಕೆ ೫೦ ಆವೃತ್ತಿಯಲ್ಲಿ ನಿಲ್ಲುವುದು. ವಿನಿಯೋಗವು ಮೀರಿದರೆ ಅದು ಕುಗ್ಗುವುದು. ಬಹಳ ಕುಗ್ಗಿದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ಒಂದೊಂದಾಗಿ ಕಳಚಿಕೊಳ್ಳುವುವು. ಒಂಟಿಯಾದ ಊರಿನಲ್ಲಿ ಒಂದು ಯಂತ್ರವು ನಿಂತರೆ ಕತ್ತಲೆ. ನೂರು ಊರುಗಳು ಕೂಡಿದ್ದಲ್ಲಿ ಉಳಿದ ಯಂತ್ರಗಳು ಆ ಭಾರವನ್ನು ಹೊರುವುವು. ಜಲದ ಶಕ್ತಿಯು ಮಳೆಗೂ ಗಾಳಿಯ ಶಕ್ತಿಯು ಋತುವಿಗೂ ಸೂರ್ಯನ ಶಕ್ತಿಯು ಹಗಲಿಗೂ ಅಧೀನವಾಗಿರುವುದರಿಂದ, ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕಾದರೆ ವಿಸ್ತಾರವಾದ ಜಾಲವೇ ಬೇಕು. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕವು ಉತ್ತರಪ್ರದೇಶ, ಪಂಜಾಬುಗಳಿಂದ ವಿದ್ಯುತ್ತನ್ನು ಕೈಗಡವಾಗಿ ಪಡೆದು ಮುಂದೆ ಹಿಂತಿರುಗಿಸುವ ವ್ಯವಸ್ಥೆಯನ್ನು ಮಾಡಿಕೊಂಡುದು ಇದಕ್ಕೆ ದೃಷ್ಟಾಂತ.

ಆದರೆ ಕೂಡುವುದರಲ್ಲಿಯೂ ಭೇದಗಳುಂಟು. ವ್ಯಾಕರಣದಲ್ಲಿ ಎರಡು ಸ್ವರಗಳು ಸಂಧಿಸಿ ಒಂದಾಗುವುದೂ ಉಂಟು, ಪ್ರಕೃತಿಭಾವದಿಂದ ಪಕ್ಕದಲ್ಲಿದ್ದೂ ಬೇರೆಬೇರೆಯಾಗಿ ನಿಲ್ಲುವುದೂ ಉಂಟು. ದಕ್ಷಿಣದ ಜಾಲವು ೨೦೧೩ರವರೆಗೆ ಎರಡನೆಯ ಸ್ಥಿತಿಯಲ್ಲಿತ್ತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದ ಏಕಮುಖ ಪ್ರವಾಹದ ಮಾರ್ಗವೇ ಮೊದಲಾದುವುಗಳಿಂದ ಅದಕ್ಕೆ ಉತ್ತರದ ಶಕ್ತಿಯು ದೊರೆಯುತ್ತಿದ್ದರೂ ಸ್ಪಂದವು ಬೇರೆಯಾಗಿತ್ತು. ೨೦೧೨ರ ಜುಲೈ ೩೦, ೩೧ರಂದು ಉತ್ತರ ಭಾರತದ ಜಾಲವು ಕುಸಿದು ಸುಮಾರು ೬೦ ಕೋಟಿ ಜನರ ನಾಡು ಕತ್ತಲೆಯಲ್ಲಿ ಮುಳುಗಿದಾಗ ದಕ್ಷಿಣವು ಉಳಿದುದು ಈ ಪ್ರತ್ಯೇಕತೆಯಿಂದಲೇ. ಅದರ ಮರುವರ್ಷ, ೨೦೧೩ರ ಡಿಸೆಂಬರ್ ೩೧ರಂದು, ರಾಯಚೂರು–ಸೊಲ್ಲಾಪುರಗಳ ನಡುವಣ ೭೬೫ ಕಿಲೋವೋಲ್ಟಿನ ಮಾರ್ಗದಿಂದ ದೇಶದ ಜಾಲಗಳೆಲ್ಲ ಒಂದೇ ಸ್ಪಂದಕ್ಕೆ ಬಂದುವು. ಆ ದಿನದಿಂದ ನೆರೆಯವನ ಬಲವು ತನ್ನ ಬಲವಾಯಿತು. ನೆರೆಯವನ ಅವಿವೇಕವೂ ತನ್ನ ಅಪಾಯವಾಯಿತು. ಕೂಟವು ದೊಡ್ಡದಾದಷ್ಟೂ ಶಿಸ್ತು ಬಿಗಿಯಾಗಬೇಕೆಂಬುದು ಇದರಿಂದ ಸ್ಪಷ್ಟ.

೬

ಈ ಸಂವಿತ್ತಿಗೆ ತೆತ್ತ ಬೆಲೆಯನ್ನು ಮರೆಮಾಚುವುದು ಯುಕ್ತವಲ್ಲ. ಜಲಾಶಯದಲ್ಲಿ ಸುಮಾರು ೯೦ ಗ್ರಾಮಗಳು ಮುಳುಗಿ ೫೦,೦೦೦ಕ್ಕೆ ಮೀರಿದ ಜನರು ನೆಲೆ ಕಳೆದುಕೊಂಡರು. ಪಾಲುದಾರರ ಎಣಿಕೆಯಲ್ಲಿ ಅವರು ಸೇರಿರಲಿಲ್ಲ. ಜಲಾಶಯದ ಪೂರ್ಣಮಟ್ಟವು ಸಮುದ್ರಕ್ಕಿಂತ ೧,೬೩೩ ಅಡಿ ಎತ್ತರ. ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ಭತ್ತದ ನಾಡನ್ನಾಗಿ ಮಾಡಿತು; ಅದಕ್ಕಿಂತ ಎತ್ತರದಲ್ಲಿರುವ ತಳಕಲ್ಲಿನ ಎರೆಗೆ ಆ ನೀರು ಹರಿಯಲಿಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಪಾರ್ಶ್ವವು ಸಮೃದ್ಧ, ಇನ್ನೊಂದು ಮಳೆಯ ದಾಸ. ಆದುದರಿಂದ ಪ್ರಾಂತಗಳೊಳಗಿನ ಸಮಾನತೆಯು ಪ್ರಾಂತದ ಒಳಗಣ ಸಮಾನತೆಯನ್ನು ತಾನಾಗಿ ತರುವುದಿಲ್ಲವೆಂದು ತಿಳಿಯಬೇಕು.

ಜಲಾಶಯವೂ ಸವೆಯುತ್ತಿದೆ. ಮೊದಲು ೧೩೩ ಶತಕೋಟಿ ಘನ ಅಡಿ ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ಈ ನಷ್ಟವನ್ನು ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟಿ ತುಂಬಿಕೊಳ್ಳಬೇಕೆಂದು ಕರ್ನಾಟಕವು ಸೂಚಿಸಿದೆಯಾದರೂ ಉಳಿದ ಪಾಲುದಾರರ ಸಮ್ಮತಿಯಿಲ್ಲದೆ ಅದು ಆಗತಕ್ಕುದಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ೩೩ ಬಾಗಿಲುಗಳಲ್ಲಿ ೧೯ನೆಯದು ಸರಪಣಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಗಿ, ಸುಮಾರು ಒಂದು ವಾರದಲ್ಲಿ ನಿಪುಣರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಿ ಉಳಿದ ನೀರನ್ನು ಕಾಪಾಡಿದರು. ಬಾಗಿಲು ಒಂದು, ನಷ್ಟವು ಮೂರು ರಾಜ್ಯಗಳ ರೈತರದು. ವಿಪತ್ತಿನಲ್ಲಿ ಸೊತ್ತನ್ನು ಉಳಿಸಿದವನಿಗೆ ಹತ್ತನೆಯ ಪಾಲನ್ನು ಸ್ಮೃತಿಯು ವಿಧಿಸಿದುದರ ಔಚಿತ್ಯವು ಅಂದು ಮನದಟ್ಟಾಯಿತು. ಅಜಾಗರೂಕತೆಯನ್ನು ಅದು ಅಪರಾಧಗಳಲ್ಲಿ ಎಣಿಸಿದುದರ ಔಚಿತ್ಯವೂ ಅಷ್ಟೇ.

೭

ಈಗ ಎರೆಯ ಬಯಲಿಗೂ ಒಂದು ಕಾಲ ಬಂದಿದೆ. ಯಲಬುರ್ಗಾ, ಕುಷ್ಟಗಿ, ಕುಕನೂರುಗಳ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದಿವೆ. ಅವುಗಳ ವಿದ್ಯುತ್ತು ದೊಡ್ಡ ತಂತಿಮಾರ್ಗಗಳನ್ನು ಸೇರಿ ಹೊರನಾಡಿಗೂ ಹೋಗಬಲ್ಲುದು. ೨೦೨೫ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿಗೆ ರೈಲು ಓಡತೊಡಗಿತು. ತುಂಗಭದ್ರೆಯ ನೀರು ಏರದ ಎತ್ತರವೇ ಗಾಳಿಗೆ ಅನುಕೂಲವಾದುದು ವಿಧಿಯ ಸಮಾಧಾನವೆನ್ನಬಹುದು. ಆದರೆ ಹೊಲವನ್ನು ಕೊಟ್ಟ ಒಕ್ಕಲಿಗನು ಇಲ್ಲಿ ಪಾಲುದಾರನೋ, ಅಥವಾ ಮುಳುಗಿದ ಗ್ರಾಮದವನಂತೆ ಲೆಕ್ಕದ ಹೊರಗಿನವನೋ ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ.

ಈ ವಿವೇಚನೆಯಿಂದ ಫಲಿಸುವುದು ಇಷ್ಟು. ಶಕ್ತಿಯ ಸಹಕಾರವು ಸಂಪತ್ತಿಗೂ ಭದ್ರತೆಗೂ ಸಾಧನವೆಂಬುದು ನಿಜ. ಆದರೆ ಅದು ಮೂರು ನಿಬಂಧನೆಗಳಿಗೆ ಒಳಪಟ್ಟಿದೆ. ಪಾಲು ದ್ರವ್ಯಕ್ಕೋ ಸಂವಿತ್ತಿಗೋ ತಕ್ಕಂತೆ ಮೊದಲೇ ನಿಶ್ಚಯವಾಗಿರಬೇಕು. ಯಾವ ಪಾಲುದಾರನೂ ಒಂಟಿಯಾಗಿ ನಡೆಯಬಾರದು. ಎಚ್ಚರಿಕೆಯ ಹೊಣೆಯು ಎಲ್ಲರದಾಗಿರಬೇಕು. ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿಯೇ ಇವು ಮೂರೂ ಇವೆ. ಕೃಷಿಕನನ್ನು ಆ ಸ್ಮೃತಿಯು ಕೂಟದ ವಿಧಿಯಿಂದ ಹೊರಗಿಡಲಿಲ್ಲವೆಂಬುದನ್ನು ಮುಂದೆ ಒಡಂಬಡಿಕೆ ಬರೆಯುವವರು ನೆನೆಯತಕ್ಕುದು.