ಮುಳುಗಿದ ಹಡಗಿಗೆ ಬಿದ್ದ ಬಲೆ

ಸಮುದ್ರ ಶುಚಿ ಮಾಡುತ್ತೇವೆಂದು ಹೊರಟವರಲ್ಲ ಅವರು. ನೆದರ್ಲೆಂಡ್ಸ್‌ನ ಆ ಹವ್ಯಾಸಿ ಡೈವರ್‌ಗಳಿಗೆ ಇದ್ದದ್ದು ಒಂದೇ ಹುಚ್ಚು: ಉತ್ತರ ಸಮುದ್ರದ ತಳದಲ್ಲಿ ಬಿದ್ದಿರುವ ಹಳೆಯ ಹಡಗುಗಳನ್ನು ನೋಡುವುದು. ಬಿರುಗಾಳಿಗೆ ಸಿಕ್ಕವು, ಎರಡು ಮಹಾಯುದ್ಧಗಳಲ್ಲಿ ಮುಳುಗಿದವು ಅಲ್ಲಿ ಬೇಕಾದಷ್ಟಿವೆ. ಆದರೆ ಕೆಳಗಿಳಿದಾಗ ಹಡಗಿಗಿಂತ ಮೊದಲು ಎದುರಾಗುತ್ತಿದ್ದದ್ದು ಬಲೆ. ಅದರಲ್ಲಿ ಒದ್ದಾಡುವ ಏಡಿ, ಪಕ್ಕದಲ್ಲೇ ಸತ್ತ ಮೀನಿನ ಮೂಳೆ. ಡೈವರನ ಕಾಲೋ ಸಿಲಿಂಡರೋ ಅದಕ್ಕೆ ಸಿಕ್ಕಿಕೊಂಡರೆ ಅವನ ಗತಿಯೂ ಅದೇ.

ಬಲೆ ಹಡಗಿಗೇ ಹೋಗಿ ಸುತ್ತಿಕೊಳ್ಳಲು ಕಾರಣವಿದೆ. ಆ ಭಾಗದ ಕಡಲತಳ ಬಹುಪಾಲು ಮರಳು. ಅಂಟಿಕೊಳ್ಳಲು ಗಟ್ಟಿ ನೆಲೆ ಬೇಕಾದ ಜೀವಿಗಳಿಗೆಲ್ಲ ಮುಳುಗಿದ ಹಡಗೇ ಬಂಡೆ. ಅವುಗಳನ್ನು ಹುಡುಕಿ ಮೀನು ಬರುತ್ತದೆ, ಮೀನನ್ನು ಹುಡುಕಿ ದೋಣಿ. ಆದಷ್ಟು ಹತ್ತಿರ ಬಲೆ ಎಳೆಯುವ ಆಸೆಯಲ್ಲಿ ಲೆಕ್ಕ ತುಸು ತಪ್ಪಿದರೂ ಬಲೆ ಕಬ್ಬಿಣಕ್ಕೆ ಕಚ್ಚಿಕೊಂಡು ಹರಿದುಹೋಗುತ್ತದೆ. ಬೇಕೆಂದೇ ಎಸೆಯುವವರು ಇಲ್ಲವೆಂದಲ್ಲ. ಆದರೆ ದುಬಾರಿ ಬಲೆ ಕಳೆದುಕೊಂಡ ಮೀನುಗಾರನನ್ನು ಖಳನಾಯಕ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹಿಂದೆಯೂ ಬಲೆಗಳು ಕಳೆಯುತ್ತಿದ್ದವು, ಕಳೆದವು ಕೊಳೆಯುತ್ತಿದ್ದವು. ನಮ್ಮ ಪಶ್ಚಿಮ ಕರಾವಳಿಯಲ್ಲೂ ನೂಲಿನ ಬಲೆ ಬೇಗ ಹಾಳಾಗದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ವಾಲೇಸ್ ಕ್ಯಾರೋಥರ್ಸ್ ತಂಡ ನೈಲಾನ್ ತಯಾರಿಸಿತು. ಎರಡನೇ ಮಹಾಯುದ್ಧದ ನಂತರ ಅದು ಬಲೆಯಾಗಿ ಕಡಲಿಗಿಳಿಯಿತು. ಕೊಳೆಯದ ಬಲೆ ಮೀನುಗಾರನಿಗೆ ವರವೇ. ಆದರೆ ಎಳೆಯುವವರಿಲ್ಲದಿದ್ದರೂ ಅದು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಸಿಕ್ಕಿ ಸತ್ತ ಮೀನನ್ನು ತಿನ್ನಲು ಏಡಿ ಬರುತ್ತದೆ, ಏಡಿಯೂ ಸೆರೆಯಾಗುತ್ತದೆ.

2009ರಲ್ಲಿ ಆ ಡಚ್ ಡೈವರ್‌ಗಳಲ್ಲೊಬ್ಬರಾದ ಪಾಸ್ಕಲ್ ವಾನ್ ಎರ್ಪ್ ಮತ್ತು ಜೊತೆಗಾರರು ಚಾಕು ಹಿಡಿದು ಈ ಬಲೆಗಳನ್ನು ಕತ್ತರಿಸಲು ಶುರುಮಾಡಿದರು. ಕಳೆದುಹೋದ, ಬಿಟ್ಟುಬಿಟ್ಟ ಮೀನುಗಾರಿಕೆ ಸಾಮಗ್ರಿ ವರ್ಷಕ್ಕೆ ಸುಮಾರು 6.4 ಲಕ್ಷ ಟನ್ ಸಮುದ್ರ ಸೇರುತ್ತದೆಂದು ವಿಶ್ವಸಂಸ್ಥೆಯ ವರದಿ ಹೇಳಿದ್ದೂ ಅದೇ ವರ್ಷ. ಒರಟು ಅಂದಾಜು ಅದು; ಇಂದಿಗೂ ಎಲ್ಲರೂ ಅದನ್ನೇ ಉರು ಹೊಡೆಯುತ್ತಾರೆ. ಡಚ್ಚರ ತಂಡ ಮುಂದೆ ‘ಘೋಸ್ಟ್ ಫಿಶಿಂಗ್’ ಸಂಸ್ಥೆಯಾಯಿತು, ಈಗಿನ ಹೆಸರು ‘ಘೋಸ್ಟ್ ಡೈವಿಂಗ್’. ಬೇರೆ ದೇಶಗಳಲ್ಲೂ ತಂಡಗಳು ಹುಟ್ಟಿಕೊಂಡವು.

ಉತ್ಸಾಹವೊಂದಿದ್ದರೆ ಸಾಕಾಗುವ ಕೆಲಸವಲ್ಲ ಇದು. ಉಬ್ಬರ ಇಳಿತಗಳ ನಡುವೆ ನೀರಿನ ಸೆಳೆತ ನಿಲ್ಲುವ ಅಲ್ಪ ಹೊತ್ತಿನಲ್ಲೇ ಇಳಿಯಬೇಕು. ಕತ್ತರಿಸಿದಾಗ ಕೆಸರೆದ್ದು ಕಣ್ಣಿಗೆ ಕೈ ಕಾಣದು. ಬಲೆಗೆ ಚೀಲ ಕಟ್ಟಿ ಗಾಳಿ ತುಂಬಿದರೆ ಅದು ತಾನಾಗಿ ಮೇಲೇರುತ್ತದೆ. ಆದರೆ ಏರುತ್ತ ಹೋದಂತೆ ನೀರಿನ ಒತ್ತಡ ತಗ್ಗಿ ಗಾಳಿ ಹಿಗ್ಗುತ್ತದೆ, ವೇಗ ಹೆಚ್ಚುತ್ತದೆ. ಆಗ ಬಲೆಯ ಒಂದೆಳೆ ಡೈವರನಿಗೆ ಸಿಕ್ಕಿಕೊಂಡಿದ್ದರೆ ಅವನೂ ಜೊತೆಗೇ ಹೋಗುತ್ತಾನೆ. ಆಳದಿಂದ ಹಾಗೆ ಒಮ್ಮೆಲೇ ಮೇಲೆ ಬಂದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ನುರಿತವರಿಗೆ ಮಾತ್ರ ಪ್ರವೇಶ.

ಮೇಲೆ ತಂದ ಗಬ್ಬು ನಾರುವ ಬಲೆಯನ್ನು ಏನು ಮಾಡುವುದು? ಕಸದ ಗುಂಡಿಗೆ ಹಾಕಿದರೆ ಕಡಲ ಕಸ ನೆಲದ ಕಸವಾಯಿತು, ಅಷ್ಟೇ. 2013ರಲ್ಲಿ ಶುರುವಾದ ‘ಹೆಲ್ದಿ ಸೀಸ್’ ಸಂಸ್ಥೆ ಅದಕ್ಕೊಂದು ದಾರಿ ಮಾಡಿತು. ಅದರ ಜೊತೆಗೂಡಿದ ಇಟಲಿಯ ಆಕ್ವಾಫಿಲ್ ಕಂಪನಿ ಸ್ಲೊವೇನಿಯಾದ ತನ್ನ ಕಾರ್ಖಾನೆಯಲ್ಲಿ ನೈಲಾನ್ ಬಲೆಯನ್ನು ರಾಸಾಯನಿಕವಾಗಿ ಒಡೆದು ಹೊಸ ನೂಲು ತೆಗೆಯುತ್ತದೆ. ಕಾಲುಚೀಲ, ಈಜುಡುಗೆ, ಕಾರ್ಪೆಟ್ ಆಗುವುದು ಅದೇ ನೂಲು. ಆದರೆ ಜಾಹೀರಾತನ್ನು ಪೂರ್ತಿ ನಂಬಬೇಕಿಲ್ಲ. ಆ ನೂಲಿನ ಮೂಲದಲ್ಲಿ ಹಳೆಯ ಕಾರ್ಪೆಟ್, ಕಾರ್ಖಾನೆಯ ತ್ಯಾಜ್ಯ, ಮೀನು ಸಾಕಣೆಯ ಬಲೆಗಳೂ ಇವೆ. ಡೈವರ್‌ಗಳು ತಂದದ್ದರ ಪಾಲು ಸಣ್ಣದು.

2021ರಲ್ಲಿ ಗ್ರೀಸ್‌ನ ಇಥಾಕಾ ದ್ವೀಪದಲ್ಲಿ, ಮಾಲೀಕರು ಬಿಟ್ಟುಹೋದ ಮೀನು ಸಾಕಣೆ ಕೇಂದ್ರವೊಂದರಿಂದ ‘ಘೋಸ್ಟ್ ಡೈವಿಂಗ್’ ಮತ್ತು ‘ಹೆಲ್ದಿ ಸೀಸ್’ ಸೇರಿ 76 ಟನ್ ಬಲೆ, ಪೈಪು, ಕಬ್ಬಿಣ ತೆಗೆದವು. ಅದಕ್ಕೆ ಕ್ರೇನು ಬೇಕಾಯಿತು, ಊರವರೂ ಕೈಜೋಡಿಸಿದರು. ‘ಹೆಲ್ದಿ ಸೀಸ್’ ಈಗ ಮೀನುಗಾರರಿಂದ ಹಳೆಯ ಬಲೆಗಳನ್ನು ದಡದಲ್ಲೇ ಇಸಿದುಕೊಳ್ಳುತ್ತದೆ. ಹಾಗೆ ಬಂದ ಬಲೆಗಾಗಿ ಯಾರೂ ಚಾಕು ಹಿಡಿದು ನೀರಿಗಿಳಿಯಬೇಕಾಗಿಲ್ಲ.