ಕೆರೆಗಳ ಪುನರುಜ್ಜೀವನ ಮತ್ತು ಸಹಭಾಗಿ ವಿನ್ಯಾಸ: ಬೆಂಗಳೂರಿನ ನಿದರ್ಶನ

ನೆರೆ, ಬರಗಳ ಆಘಾತವನ್ನು ತಾಳಿಕೊಂಡು ಮತ್ತೆ ಚೇತರಿಸಿಕೊಳ್ಳುವ ಶಕ್ತಿ ನಗರಕ್ಕೆ ಕೇವಲ ತಾಂತ್ರಿಕ ಕಾಮಗಾರಿಗಳಿಂದ ಒದಗುವುದಿಲ್ಲ. ನಿಸರ್ಗದ ವ್ಯವಸ್ಥೆಯನ್ನೂ ಅದನ್ನು ಅವಲಂಬಿಸಿದ ಜನರನ್ನೂ ಒಟ್ಟಾಗಿ ಪರಿಗಣಿಸಿ, ನಕ್ಷೆ ಸಿದ್ಧವಾಗುವ ಹಂತದಲ್ಲೇ ಅವರನ್ನು ಪಾಲುದಾರರನ್ನಾಗಿಸುವ ಕ್ರಮವನ್ನು ಸಹಭಾಗಿ ವಿನ್ಯಾಸ ಎನ್ನಬಹುದು. ಬೆಂಗಳೂರಿನ ಕೆರೆಗಳ ಹಿನ್ನೆಲೆಯಲ್ಲಿ ಇದರ ಸಾಧ್ಯತೆ ಮತ್ತು ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೊಡ್ಡ ನದಿಯ ಆಸರೆಯಿಲ್ಲದ ಬೆಂಗಳೂರು ಕೆರೆಗಳನ್ನು ನೆಚ್ಚಿ ಬೆಳೆದ ಊರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಂಚುವ ಹೊಣೆ ನೀರುಗಂಟಿಯದು. ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು ಊರಿನ ಕೆಲಸ. ನೀರಿನ ಹಕ್ಕುಗಳು ಜಾತಿ ಮತ್ತು ಭೂಒಡೆತನವನ್ನು ಅನುಸರಿಸಿದ್ದುದರಿಂದ ಈ ವ್ಯವಸ್ಥೆಯನ್ನು ಆದರ್ಶವೆನ್ನಲಾಗದು. ಆದರೂ ಬಳಕೆಗೂ ಪಾಲನೆಗೂ ನೇರ ಸಂಬಂಧವಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆ ನೀರು ಬಂದಂತೆಲ್ಲ ಆ ಸಂಬಂಧ ಸಡಿಲಗೊಂಡಿತು. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಉಳಿದ ಕೆರೆಗಳಲ್ಲಿ ಹಲವಕ್ಕೆ ಚರಂಡಿ ನೀರು ಹರಿಯಿತು.

1985ರಲ್ಲಿ ನೇಮಕಗೊಂಡ ಲಕ್ಷ್ಮಣರಾವ್ ಸಮಿತಿಯು ಕೆರೆಗಳ ಸಂರಕ್ಷಣೆಗೆ ಶಿಫಾರಸು ಮಾಡಿತು. ಆದರೆ ಅನಂತರದ ಅನೇಕ ಯೋಜನೆಗಳಲ್ಲಿ ಬೇಲಿ, ನಡಿಗೆಯ ಹಾದಿ, ಉದ್ಯಾನಗಳಿಗೇ ಪ್ರಾಶಸ್ತ್ಯ ದೊರೆಯಿತು. ದನಗಾಹಿಗಳು, ಮೀನುಗಾರರು, ಬಟ್ಟೆ ಒಗೆಯುವವರು, ಸೊಪ್ಪು ಕೀಳುವ ಮಹಿಳೆಯರು ಬೇಲಿಯ ಹೊರಗುಳಿದರು. ಕೆರೆ ಉಳಿದರೂ ಅದು ಯಾರಿಗಾಗಿ ಉಳಿಯಿತು ಎಂಬ ಪ್ರಶ್ನೆ ಇಲ್ಲಿ ಮೂಡುತ್ತದೆ.

ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ಈ ದೃಷ್ಟಿಯಿಂದ ಗಮನಾರ್ಹ. ಸುಮಾರು 48 ಎಕರೆಯ ಈ ಕೆರೆಯ ಪುನರುಜ್ಜೀವನ ಕಾರ್ಯವು 2009ರಿಂದ 2011ರ ಅವಧಿಯಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮತ್ತು ನಿವಾಸಿಗಳ ಸಹಯೋಗದಲ್ಲಿ ನಡೆಯಿತು. ಹಕ್ಕಿಗಳಿಗೆ ನಡುಗಡ್ಡೆ, ಮೂರ್ತಿ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ರೂಪುಗೊಂಡವು. ಮೇವು ಕೊಯ್ಯುವವರ ಮತ್ತು ಪಕ್ಕದ ಶಾಲೆಯ ಮಕ್ಕಳ ಅಗತ್ಯಗಳೂ ಪರಿಗಣಿತವಾದವು. ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿಯು ಒಪ್ಪಂದದ ಮೇರೆಗೆ ನಿರ್ವಹಣೆಯಲ್ಲಿ ಭಾಗಿಯಾಯಿತು. ನಗರದ ಉತ್ತರ ಭಾಗದ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೌಗು ಸಸ್ಯಗಳ ನಡುವೆ ಹಾದು ಕೆರೆಗೆ ಸೇರುವ ಏರ್ಪಾಡಿದೆ. ಸಸ್ಯಗಳು ನೀರಿನಲ್ಲಿ ಉಳಿದ ಪೋಷಕಾಂಶಗಳನ್ನು ಹೀರಿಕೊಳ್ಳುತ್ತವೆ. ಕೆರೆಯ ನೀರು ಸುತ್ತಲಿನ ಅಂತರ್ಜಲವನ್ನು ಮರುಪೂರಣ ಮಾಡುತ್ತದೆ.

ಈ ಪ್ರಯತ್ನಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ಭೌಗೋಳಿಕ. ಕೆರೆಗಳು ಸರಣಿಯಾಗಿರುವುದರಿಂದ ಮೇಲ್ಭಾಗದ ಕಾಲುವೆ ಒತ್ತುವರಿಯಾದರೆ, ಮಲಿನ ನೀರು ಹರಿದರೆ ಕೆಳಗಿನ ಕೆರೆಯೊಂದರ ಜೀರ್ಣೋದ್ಧಾರ ಸಾಲದು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಕಾಣಿಸಿಕೊಂಡ ಬೆಂಕಿ, 2022ರ ಸೆಪ್ಟೆಂಬರ್‌ನ ನೆರೆ ಇದನ್ನು ಸ್ಪಷ್ಟಪಡಿಸಿವೆ. ಎರಡನೆಯದು ಕಾನೂನಾತ್ಮಕ. ಕೆರೆಗಳ ವಿಷಯದಲ್ಲಿ ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳದಂತೆ 2020ರಲ್ಲಿ ಉಚ್ಚ ನ್ಯಾಯಾಲಯವು ಪಾಲಿಕೆಯನ್ನು ನಿರ್ಬಂಧಿಸಿತು. ಕೇವಲ ಒಪ್ಪಂದವನ್ನು ಆಧರಿಸಿದ ಸಹಭಾಗಿತ್ವ ಎಷ್ಟು ದುರ್ಬಲವೆಂಬುದು ಇದರಿಂದ ವ್ಯಕ್ತವಾಯಿತು.

ಆದ್ದರಿಂದ ವಿನ್ಯಾಸದ ಘಟಕ ಒಂದು ಕೆರೆಯಾಗಿರದೆ ಇಡೀ ಜಲಾನಯನವಾಗಬೇಕು. ಬಡ ಬಳಕೆದಾರರನ್ನೂ ಒಳಗೊಂಡ ಸ್ಥಳೀಯ ಸಮಿತಿಗಳಿಗೆ ಶಾಸನಬದ್ಧ ಸ್ಥಾನ ದೊರೆಯಬೇಕು. ಬಳಕೆ ಮತ್ತು ಪಾಲನೆಗಳ ನಡುವೆ ಕಡಿದುಹೋದ ಸಂಬಂಧವನ್ನು ಸಮಾನತೆಯ ನೆಲೆಯಲ್ಲಿ ಮತ್ತೆ ಬೆಸೆದಾಗ ಮಾತ್ರ ಕೆರೆಯ ಪುನರುಜ್ಜೀವನ ಪೂರ್ಣವಾಗುತ್ತದೆ.